ಸೊಳ್ಳೆಯಲ್ಲದ ಸೊಳ್ಳೆ, ತಿಗಣೆಯಲ್ಲದ ತಿಗಣೆ

ತೆಂಗಿನ ಗರಿಯ ಅಡಿಗೆ ಮೇಣದಲ್ಲಿ ಸುರುಳಿ ಸುರುಳಿಯಾಗಿ ರಂಗೋಲಿ ಬರೆದು ಕೂರುವ ಬಿಳಿನೊಣ, ನೊಣವಲ್ಲ. ಕಾಫಿ ಗಿಡದ ಗೆಣ್ಣಿನಲ್ಲಿ ಹಿಟ್ಟು ಮೆತ್ತಿಕೊಂಡಿರುವ ಹಿಟ್ಟು ತಿಗಣೆ, ಶಾಸ್ತ್ರ ಹಿಡಿದು ಹೇಳಿದರೆ, ತಿಗಣೆಯಲ್ಲ. ಬೇವಿನ ಕುಡಿಯನ್ನು ಬೆಂಕಿ ತಗುಲಿದಂತೆ ಒಣಗಿಸುವ ಟೀ ಸೊಳ್ಳೆಯಂತೂ ಸೊಳ್ಳೆಯೇ ಅಲ್ಲ, ಅಪ್ಪಟ ತಿಗಣೆ. ಅರಸೀಕೆರೆಯ ತೋಟ, ಬೇಲೂರಿನ ಎಸ್ಟೇಟು, ಹಳೇಬೀಡಿನ ದಾರಿಬದಿ ಹೀಗೆ ಮೂರು ಕಡೆಯಿಂದ ಮೂವರು ರೈತರು ಔಷಧಿ ಅಂಗಡಿಗೆ ಬಂದು ಈ ಮೂರು ಹೆಸರು ಹೇಳಿದರೆ ಮೂವರ ಕೈಗೂ ಒಂದೇ ಬಾಟಲಿ ಬರುವುದುಂಟು. ಸಸ್ಯ ತಿಗಣೆಗಳ ವರ್ಗೀಕರಣ ಎಂಬ ಒಣ ವಿಷಯವನ್ನು ಎತ್ತಿಕೊಳ್ಳಲು ನನಗಿರುವ ನೆಪ ಅದೇ. ಯಾರು ಯಾರ ನಂಟರು ಎಂದು ತಿಳಿಯದೆ ಸಿಂಪಡಿಸಿದಾಗ ಸಾಯುವವರಲ್ಲಿ ನಮ್ಮ ಕಡೆಯವರೂ ಇರುತ್ತಾರೆ.

ಹೆಸರಿನಿಂದಲೇ ಶುರುಮಾಡೋಣ. ತಿಗಣೆ ಎಂದರೆ ನಮಗೆ ಮೊದಲು ನೆನಪಾಗುವುದು ಹಾಸಿಗೆಯದು, ಹಳೇ ಟಾಕೀಸಿನ ಕುರ್ಚಿಯದು. ಆಮೇಲೆ ಅದೇ ಹೆಸರನ್ನು ಹೊಲದ ಹುಳಗಳಿಗೂ ಹಂಚಿದೆವು. ಹಸಿರು ತಿಗಣೆ, ತೆನೆ ತಿಗಣೆ, ಸುಳಿ ತಿಗಣೆ. ಇದನ್ನು ಹಳ್ಳಿಯ ಅಜ್ಞಾನ ಎಂದು ನಗುವವರು ಸ್ವೀಡನ್ನಿನ ಲಿನೇಯಸ್‌ನನ್ನು ನೆನೆಯಬೇಕು. 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರು ಕಟ್ಟಲು ಕೂತ ಆತ ಮಾಡಿದ್ದೂ ಇದನ್ನೇ. ಲ್ಯಾಟಿನ್ನಿನಲ್ಲಿ ಸೈಮೆಕ್ಸ್ ಎಂದರೆ ತಿಗಣೆ. ಮನುಷ್ಯನ ರಕ್ತ ಹೀರುವುದನ್ನೂ ಹುಲ್ಲುಗಾವಲಿನಲ್ಲಿ ಗಿಡದ ರಸ ಹೀರುವುದನ್ನೂ ಆತ ಒಂದೇ ಸೈಮೆಕ್ಸ್ ಕುಲಕ್ಕೆ ಸೇರಿಸಿದ. ಮುಂದೆ ಆ ಕುಲ ಒಡೆದು ಹತ್ತಾರು ಕುಟುಂಬಗಳಾದರೂ ಆ ಊಹೆ ಪೂರ್ತಿ ಹುಸಿಯಾಗಲಿಲ್ಲ. ಹಾಸಿಗೆಯ ತಿಗಣೆ ಮತ್ತು ಈ ಲೇಖನದ ನಾಯಕರಾದ ಸಸ್ಯ ತಿಗಣೆಗಳು ಇಂದಿಗೂ ಒಂದೇ ಒಳಗುಂಪಿನಲ್ಲಿವೆ. ಆ ಗುಂಪಿನ ಹೆಸರು ಸೈಮಿಕೊಮಾರ್ಫಾ. ಕನ್ನಡಕ್ಕೆ ತಂದರೆ ‘ತಿಗಣೆಯಂಥವು’.

ದೊಡ್ಡ ಮನೆಯ ನಕ್ಷೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಹೆಮಿಪ್ಟೆರಾ ಎಂಬ ಗಣದಲ್ಲಿ ಹೆಸರು ಪಡೆದ ಪ್ರಭೇದಗಳೇ 1 ಲಕ್ಷದ ಆಚೆ ಈಚೆ ಇವೆ. ಎಲ್ಲಕ್ಕೂ ಸಾಮಾನ್ಯವಾದದ್ದು ಸೂಜಿಯಂಥ ಮೂತಿ: ಅಗಿಯುವುದಿಲ್ಲ, ಚುಚ್ಚಿ ಹೀರುತ್ತವೆ. ಹಿಂದಿನ ಪಠ್ಯಪುಸ್ತಕಗಳಲ್ಲಿ ಈ ಗಣಕ್ಕೆ ಎರಡೇ ಪಾಲು ಇತ್ತು: ರೆಕ್ಕೆ ಉದ್ದಕ್ಕೂ ಒಂದೇ ಬಗೆಯಾಗಿರುವ ಹೊಮಾಪ್ಟೆರಾ, ಅರ್ಧ ತೊಗಲು ಅರ್ಧ ಪೊರೆಯಾಗಿರುವ ಹೆಟೆರಾಪ್ಟೆರಾ. 1990ರ ದಶಕದಲ್ಲಿ ಡಿಎನ್‌ಎ ಓದಲು ತೊಡಗಿದ ಮೇಲೆ ಹೊಮಾಪ್ಟೆರಾ ನಿಲ್ಲಲಿಲ್ಲ. ಸಸ್ಯ ಹೇನು, ಬಿಳಿನೊಣ, ಹಿಟ್ಟು ತಿಗಣೆ, ಶಲ್ಕ ಕೀಟಗಳು ಒಂದು ಕಡೆ ಹೋದವು. ಜಿಗಿಹುಳು, ಜೀರುಂಡೆ ದನಿಯ ಸಿಕಾಡಗಳು ಇನ್ನೊಂದು ಕಡೆ. ದಕ್ಷಿಣ ಗೋಲಾರ್ಧದ ಪಾಚಿಯಲ್ಲಿ ಬದುಕುವ ಸಣ್ಣದೊಂದು ಗುಂಪು ಬೇರೆಯಾಯಿತು. ತೊಗಲು-ಪೊರೆ ರೆಕ್ಕೆಯ ಹೆಟೆರಾಪ್ಟೆರಾ ಮಾತ್ರ ಗಟ್ಟಿಯಾಗಿ ಉಳಿಯಿತು. 40,000ಕ್ಕೂ ಹೆಚ್ಚು ಪ್ರಭೇದ, 7 ಒಳಗುಂಪು. ನಿಜವಾದ ತಿಗಣೆಗಳೆಂದರೆ ಇವೇ. ಎಲ್ಲವೂ ಗಿಡದ ಮೇಲೇ ಇರುತ್ತವೆಂದಲ್ಲ. ಹಳೇಬೀಡಿಗೆ ದೋರಸಮುದ್ರ ಎಂಬ ಹೆಸರಿದ್ದ ಕಾಲದ ಕೆರೆ ಇನ್ನೂ ಇದೆಯಲ್ಲ, ಅಂಥ ನೀರಿನ ಅಂಚಿಗೆ ಹೋಗಿ ನಿಂತರೆ ಎರಡು ಒಳಗುಂಪು ಅಲ್ಲೇ ಸಿಗುತ್ತವೆ. ನೀರಿನ ಮೇಲೆ ಕಾಲು ಚಾಚಿ ಜಾರುವವು ಒಂದು. ನೀರೊಳಗಿನ ನೀರುಚೇಳು, ಬೆನ್ನ ಮೇಲೆ ಮೊಟ್ಟೆ ಹೊತ್ತು ಈಜುವ ಗಂಡು ನೀರು ತಿಗಣೆ ಇನ್ನೊಂದು. ಹೆಣ್ಣು ಮೊಟ್ಟೆ ಅಂಟಿಸಿ ಹೊರಟುಬಿಡುತ್ತದೆ, ಬಾಣಂತನವೆಲ್ಲ ಗಂಡಿನದು.

ಈಗ ಮುಖ್ಯ ವಿಷಯ. ಹೆಟೆರಾಪ್ಟೆರಾದಲ್ಲಿ ಅತಿ ದೊಡ್ಡ ಕುಟುಂಬ ಮಿರಿಡೆ. ಸಸ್ಯ ತಿಗಣೆಗಳು ಎಂದರೆ ಇವು. 11,000ಕ್ಕೂ ಮಿಗಿಲಾದ ಪ್ರಭೇದಗಳು ಇಲ್ಲಿಯವರೆಗೆ ದಾಖಲಾಗಿವೆ. ಜಗತ್ತಿನ ಹಕ್ಕಿಗಳ ಪ್ರಭೇದಗಳನ್ನೆಲ್ಲ ಎಣಿಸಿದರೂ ಹೆಚ್ಚುಕಡಿಮೆ ಅಷ್ಟೇ. ಹಕ್ಕಿ ನೋಡುವವರ ಸಂಘ ಊರೂರಿಗೂ ಇದೆ. ಈ ತಿಗಣೆಗಳನ್ನು ನೋಡಿ ಹೆಸರು ಹೇಳಬಲ್ಲವರನ್ನು ಇಡೀ ಭಾರತದಲ್ಲಿ ಹುಡುಕಿದರೂ ಒಂದು ಜೀಪು ತುಂಬುವುದು ಕಷ್ಟ. ಕಾರಣ ಇಲ್ಲದೆ ಇಲ್ಲ. ಬಹುಪಾಲು 3ರಿಂದ 6 ಮಿಲಿಮೀಟರ್ ಉದ್ದದ, ಮೆತ್ತನೆಯ ಮೈಯ, ಮುಟ್ಟಿದರೆ ಕಾಲು ಉದುರಿಸಿಕೊಳ್ಳುವ ಜೀವಗಳಿವು.

ಗುರುತು ಹಿಡಿಯಲು ಒಂದು ಒಳ್ಳೆಯ ಚಿಹ್ನೆಯಿದೆ. ಮಡಿಸಿದ ಮುಂರೆಕ್ಕೆಯ ತೊಗಲಿನ ಭಾಗ ಮುಗಿದು ಪೊರೆ ಶುರುವಾಗುವಲ್ಲಿ, ಅಂಚಿಗೆ, ಒಂದು ತ್ರಿಕೋನದ ತುಂಡು ಬೇರೆಯಾಗಿ ಎದ್ದು ಕಾಣುತ್ತದೆ. ರೆಕ್ಕೆ ಅಲ್ಲಿ ಮುರಿದಂತೆ ಕೆಳಕ್ಕೆ ಬಾಗಿರುತ್ತದೆ. ಶಾಸ್ತ್ರಜ್ಞರು ಇದನ್ನು ಕ್ಯೂನಿಯಸ್ ಎನ್ನುತ್ತಾರೆ. ಲ್ಯಾಟಿನ್ನಿನ ಆ ಮಾತಿಗೆ ನಮ್ಮಲ್ಲಿ ಹೊಸ ಪದ ಹುಟ್ಟಿಸಬೇಕಾಗಿಲ್ಲ. ಕಲ್ಲು ಸೀಳುವವರ ಬೆಣೆಯೇ ಅದು. ಬಂಡೆಯ ಸೀಳಿಗೆ ಹೊಡೆದ ಬೆಣೆಯ ಹಾಗೆಯೇ ರೆಕ್ಕೆಯ ಅಂಚಿನಲ್ಲಿ ಕೂತಿರುತ್ತದೆ. ಬೇಲೂರು, ಹಳೇಬೀಡಿನ ದೇವಸ್ಥಾನಗಳಿಗೆಂದು ಕಲ್ಲಿನಲ್ಲಿ ಅಷ್ಟು ಕೆಲಸ ಮಾಡಿಸಿದ ಸೀಮೆಯಲ್ಲಿ ತಿಗಣೆಯ ಗುರುತೂ ಕಲ್ಕುಟಿಗರ ಪದದಲ್ಲೇ ಸಿಗುವುದು ನನಗೆ ಖುಷಿಯ ಸಂಗತಿ. ಬೆಣೆಯ ಜೊತೆಗೆ ಇನ್ನೆರಡು: ಪೊರೆಯಲ್ಲಿ ನರಗಳು ಸುತ್ತುವರಿದ ಒಂದೋ ಎರಡೋ ಕೋಣೆ, ತಲೆಯ ಮೇಲೆ, ಬಹುತೇಕ ಎಲ್ಲದರಲ್ಲೂ, ಸಣ್ಣ ಸರಳ ಕಣ್ಣುಗಳು ಇಲ್ಲದಿರುವುದು. ಬೆಣೆ ಬೇರೆ ಕೆಲವು ಚಿಕ್ಕ ಕುಟುಂಬಗಳಲ್ಲೂ ಇದೆ. ಹಾಗಾಗಿ ಮೂರನ್ನೂ ಒಟ್ಟಿಗೆ ನೋಡಬೇಕು. ಅದಕ್ಕೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು.

ಕುಟುಂಬದೊಳಗಿನ ಪಾಲುಪಟ್ಟಿಗೆ ಮಾತ್ರ ಭೂತಗನ್ನಡಿ ಸಾಲದು. ಮಿರಿಡೆ ಎಂಬ ಕುಟುಂಬದ ಹೆಸರು 1833ರಲ್ಲಿ ಜರ್ಮನಿಯ ಹಾನ್ ಕೊಟ್ಟದ್ದು. ಒಳಗಿನ ವಿಭಾಗಗಳಿಗೆ ಗಟ್ಟಿ ತಳಹದಿ ಹಾಕಿದವನು ಫಿನ್‌ಲೆಂಡಿನ ರಾಯ್ಟರ್. ಕವಿಯೂ ಆಗಿದ್ದ. ಜೀವಮಾನವೆಲ್ಲ ಮಿಲಿಮೀಟರಿನ ಹುಳಗಳನ್ನು ನೋಡಿ ಕೊನೆಗಾಲದಲ್ಲಿ ದೃಷ್ಟಿ ಕಳೆದುಕೊಂಡ. ಆತನ ದೊಡ್ಡ ವರ್ಗೀಕರಣ ಗ್ರಂಥ ಹೊರಬಂದದ್ದು 1910ರಲ್ಲಿ. ತಿಗಣೆಯ ಕಾಲಿನ ತುದಿಯಲ್ಲಿ, ಉಗುರುಗಳ ನಡುವೆ, ಎಳೆಯಂಥವೋ ಹಾಳೆಯಂಥವೋ ಆದ ಅಂಗಗಳಿರುತ್ತವೆ. ಉಪಕುಟುಂಬಗಳನ್ನು ಬೇರ್ಪಡಿಸುವ ಮುಖ್ಯ ಲಕ್ಷಣ ಇಂದಿಗೂ ಅದೇ. ಪ್ರಭೇದ ಯಾವುದೆಂದು ಹೇಳಲು ಗಂಡಿನ ಜನನಾಂಗವನ್ನು ಬಿಡಿಸಿ ನೋಡಬೇಕು. ಅದರ ಎಡ ಬಲ ಒಂದರಂತೆ ಒಂದು ಇರುವುದಿಲ್ಲ. ಹೆಣ್ಣು ಮಾತ್ರ ಸಿಕ್ಕರೆ ಎಷ್ಟೋ ಸಲ ಕೈಚೆಲ್ಲಬೇಕಾಗುತ್ತದೆ.

ಭಾರತದ ತಿಗಣೆಗಳಿಗೆ ಹೆಸರು ಕೊಟ್ಟವರಲ್ಲಿ ಮೊದಲಿಗೆ ಹೇಳಬೇಕಾದವನು ಡಿಸ್ಟಂಟ್. 1902ರಿಂದ 1918ರವರೆಗೆ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಈ ಗಣಕ್ಕೆಂದೇ 7 ಸಂಪುಟ ಬರೆದ. ಚರ್ಮ ಹದಮಾಡುವ ಉದ್ಯಮದಲ್ಲಿದ್ದು ಕೀಟಶಾಸ್ತ್ರಕ್ಕೆ ಬಂದವನು. ಬರೆಯುವ ವೇಗ ಅಪಾರ, ಆತುರವೂ ಅಷ್ಟೇ. ಕಾಲಿನ ತುದಿ, ಜನನಾಂಗಗಳ ಕಡೆ ಅವನ ಗಮನ ಕಡಿಮೆ; ಬಣ್ಣ, ಆಕಾರ ನೋಡಿ ಹೆಸರಿಟ್ಟುಬಿಡುತ್ತಿದ್ದ. ಒಂದೇ ಹುಳಕ್ಕೆ ಎರಡು ಹೆಸರು, ತಪ್ಪು ಕುಲ, ಹೀಗೆ ಅವನು ಬಿಟ್ಟುಹೋದ ಗಂಟುಗಳನ್ನು ಮುಂದಿನವರು ಬಿಡಿಸುತ್ತಲೇ ಇದ್ದಾರೆ. ಅವನು ಹೆಸರಿಟ್ಟ ಮೂಲ ಮಾದರಿಗಳು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿವೆ. ನಮ್ಮ ಹೊಲದ ಹುಳದ ಗುರುತಿಗೆ ಸಮುದ್ರದಾಚೆ ಸಾಕ್ಷಿ ಕೇಳಬೇಕಾದ ಸ್ಥಿತಿ ನೂರು ವರ್ಷ ನಡೆದುಬಂತು. ಹಾಗೆಂದು ಅವನನ್ನು ಬೈದು ಬಿಡುವಂತಿಲ್ಲ. ಅವನ ಸಂಪುಟಗಳಿಲ್ಲದೆ ಇಲ್ಲಿ ಯಾರೂ ಕೆಲಸ ಶುರುಮಾಡಲಾರರು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬ್ರೆಜಿಲಿನ ಕಾರ್ವಾಲ್ಯೋ ಜಗತ್ತಿನ ಮಿರಿಡೆಗಳನ್ನೆಲ್ಲ ಪಟ್ಟಿಮಾಡಿದರು. ಅಮೆರಿಕದ ಷೂ 1995ರಲ್ಲಿ ಆ ಪಟ್ಟಿಯನ್ನು ಹೊಸದಾಗಿಸಿದರು. ಕಾರ್ವಾಲ್ಯೋ ಹೆಸರು ನಮ್ಮ ಅಡಿಕೆ ತೋಟದಲ್ಲೂ ಇದೆ ಎಂದರೆ ನಂಬಬೇಕು. ಅಡಿಕೆಯ ಸುಳಿ ತಿಗಣೆಗೆ ಮಿಲ್ಲರ್ ಮತ್ತು ಚೈನಾ ಎಂಬ ಇಬ್ಬರು ಇಟ್ಟ ಹೆಸರು ಕಾರ್ವಾಲ್ಹೋಯಿಯಾ ಅರೆಕೆ. ಕುಲದ ಆ ಹೆಸರು ಮೊದಲೇ ಬೇರೊಂದು ಜೀವಿಗೆ ಸಂದಿದ್ದರಿಂದ ಮುಂದೆ ಅದು ಮಿರ್‌ಕಾರ್ವಾಲ್ಹೋಯಿಯಾ ಆಯಿತು. ಕೆಂಪು-ಕಪ್ಪು ಬಣ್ಣದ ಈ ತಿಗಣೆ ತುದಿಯ ಎಲೆಗಳ ಸಂದಿಯಲ್ಲಿ ಅಡಗಿ, ಇನ್ನೂ ಬಿಚ್ಚದ ಸುಳಿಯನ್ನು ಹೀರುತ್ತದೆ. ಸುಳಿ ಬಿಚ್ಚುವ ಹೊತ್ತಿಗೆ ಕಂದು ಮಚ್ಚೆಗಳು ಒಣಗಿ ಹರಿದು ಎಲೆ ಚಿಂದಿಯಾಗಿರುತ್ತದೆ. ಬೇಲೂರು ಸೀಮೆಯಲ್ಲಿ ಅಡಿಕೆ ಹಾಕುವವರು ಇದನ್ನು ಗಾಳಿಗೆ ಹರಿದ ಎಲೆ ಎಂದುಕೊಳ್ಳಬಾರದು.

ಇಂದು ಚಾಲ್ತಿಯಲ್ಲಿರುವ ಲೆಕ್ಕದಲ್ಲಿ ಮಿರಿಡೆಗೆ 8 ಉಪಕುಟುಂಬ. ಎಲ್ಲವನ್ನೂ ಸಮನಾಗಿ ಹೇಳುವುದರಲ್ಲಿ ಅರ್ಥವಿಲ್ಲ. ಸ್ಯಾಲೊಪಿನೆ ಎಂಬುದು ಪುಟ್ಟದು, ಹೆಸರಷ್ಟೇ ಸಾಕು. ಸಿಲಾಪಿನೆಯವು ಕೊಳೆತ ಮರದ ಅಣಬೆಯ ಮೇಲೆ ಬದುಕುತ್ತವೆ. ಡೆರಿಯೊಕೊರಿನೆಯವು ಹೆಚ್ಚಾಗಿ ಬೇಟೆಗಾರರು. ಸಸ್ಯ ಹೇನು, ಶಲ್ಕ ಕೀಟಗಳನ್ನು ತಿನ್ನುತ್ತವೆ. ಫೈಲಿನೆಯಲ್ಲಿ ಒಂದು ಪಂಗಡ ಥೇಟ್ ಇರುವೆಯ ವೇಷ ಹಾಕುತ್ತದೆ: ಸೊಂಟ ಸಣ್ಣಗೆ ಕಾಣುವಂತೆ ರೆಕ್ಕೆಯ ಮೇಲೆ ಬಿಳಿ ಪಟ್ಟೆ, ಇರುವೆಯದೇ ನಡಿಗೆ. ಐಸೊಮೆಟೊಪಿನೆಯದು ವಿಚಿತ್ರ. ಕುಟುಂಬದಲ್ಲಿ ಇವಕ್ಕೆ ಮಾತ್ರ ಸರಳ ಕಣ್ಣುಗಳಿವೆ. ಅದಕ್ಕೇ ಬಹುಕಾಲ ಇವನ್ನು ಬೇರೆ ಕುಟುಂಬ ಎಂದೇ ಇಟ್ಟಿದ್ದರು. ಮರದ ತೊಗಟೆಯ ಮೇಲೆ ಕಲ್ಲುಹೂವಿನ ಬಣ್ಣದಲ್ಲಿ ಬೆರೆತು ಕೂತು, ಹತ್ತಿರ ಹೋದರೆ ಚಿಮ್ಮುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್. ಎಂ. ಯಶವಂತ್ ವಿದೇಶದ ಇಬ್ಬರು ಜೊತೆಗಾರರೊಂದಿಗೆ 2021ರಲ್ಲಿ ಭಾರತ ಮತ್ತು ಶ್ರೀಲಂಕಾದ ಐಸೊಮೆಟೊಪಿನೆಯನ್ನು ಪರಿಷ್ಕರಿಸಿದರು. ಆ ಒಂದೇ ಪ್ರಬಂಧದಲ್ಲಿ 6 ಹೊಸ ಕುಲ, 27 ಹೊಸ ಪ್ರಭೇದ ಹೊರಬಂದವು. ದಿನಾ ನೆರಳಿಗೆ ನಿಲ್ಲುವ ಮರದ ತೊಗಟೆಯಲ್ಲಿ ಹೆಸರಿಲ್ಲದವು ಇಷ್ಟಿದ್ದವು. ಉಳಿದ ಮೂರು, ಅಂದರೆ ಬ್ರಯೊಕೊರಿನೆ, ಮಿರಿನೆ, ಆರ್ತೊಟೈಲಿನೆ, ನಮ್ಮ ಬೆಳೆಗಳ ಕಥೆಗೆ ನೇರವಾಗಿ ಬರುತ್ತವೆ. ಡಿಎನ್‌ಎ ಅಧ್ಯಯನಗಳು ಈ ಗಡಿಗಳಲ್ಲಿ ಕೆಲವನ್ನು ಪ್ರಶ್ನಿಸುತ್ತಿವೆ ಎಂಬುದನ್ನೂ ಹೇಳಿಬಿಡಬೇಕು. ಹತ್ತು ವರ್ಷದಲ್ಲಿ ಈ ಪ್ಯಾರಾ ಹಳತಾಗಬಹುದು.

ಬ್ರಯೊಕೊರಿನೆಯ ಕುಖ್ಯಾತ ಸದಸ್ಯ ಟೀ ಸೊಳ್ಳೆ. ಉದ್ದ ಕಾಲು, ಉದ್ದ ಮೀಸೆ, ಹಾರುವ ರೀತಿ ಸೊಳ್ಳೆಯಂತೆ; ತೇಯಾಕು ತೋಟದವರು ಇಟ್ಟ ಹೆಸರು ಹಾಗೇ ನಿಂತಿತು. ಬೆನ್ನ ಮೇಲೆ ಗುಂಡುಸೂಜಿ ನೆಟ್ಟಂತೆ ಒಂದು ಕಡ್ಡಿ, ತುದಿಯಲ್ಲಿ ಗುಂಡು. ಇಷ್ಟು ಸುಲಭದ ಗುರುತು ಬೇರೆ ತಿಗಣೆಗಿಲ್ಲ. ನಮ್ಮಲ್ಲಿ ಹೆಚ್ಚು ಹೆಸರುವಾಸಿಯಾದ ಹೆಲೋಪೆಲ್ಟಿಸ್ ಆಂಟೋನಿಯನ್ನು ಸಿಗ್ನೊರೆ 1858ರಲ್ಲಿ ಶ್ರೀಲಂಕಾದ ಮಾದರಿಯಿಂದ ವರ್ಣಿಸಿದ. ಗೇರು, ಸೀಬೆ, ನುಗ್ಗೆ, ಕೋಕೊ, ಬೇವು, ಯಾವುದನ್ನೂ ಬಿಡುವುದಿಲ್ಲ. ಮೂತಿ ಚುಚ್ಚಿ ಮೊದಲು ಎಂಜಲು ಬಿಡುತ್ತದೆ. ಎಂಜಲಿನ ಕಿಣ್ವಗಳು ಜೀವಕೋಶಗಳನ್ನು ಕರಗಿಸುತ್ತವೆ. ಆಮೇಲೆ ಆ ಗಂಜಿ ಹೀರುತ್ತದೆ. ಚುಚ್ಚಿದ ಜಾಗ ಕಪ್ಪಗಾಗುತ್ತದೆ, ಕುಡಿ ಬಾಡುತ್ತದೆ, ಸೀಬೆಕಾಯಿ ಮೇಲೆ ಕಜ್ಜಿಯಂತೆ ಗುಳ್ಳೆ ಏಳುತ್ತದೆ. ಮೊಟ್ಟೆಯನ್ನು ಎಳೆ ಕಾಂಡದೊಳಗೆ ಹುದುಗಿಸುತ್ತದೆ. ಹೊರಗೆ ಕಾಣುವುದು ಉಸಿರಾಟಕ್ಕೆಂದು ಇರುವ, ಒಂದು ಗಿಡ್ಡ ಒಂದು ಉದ್ದದ, ಎರಡು ಬಿಳಿ ಎಳೆ ಮಾತ್ರ.

ಅರಸೀಕೆರೆಯಂಥ ಬಯಲುಸೀಮೆಯಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಬೇವಿನ ಮರಗಳು ತುದಿಯಿಂದ ಕಂದಾಗಿ ನಿಲ್ಲುವುದನ್ನು ಎಲ್ಲರೂ ನೋಡಿದ್ದೇವೆ. ಅದರಲ್ಲಿ ಎರಡು ಕೈಗಳಿವೆ. ಒಂದು ಈ ತಿಗಣೆಯದು. ಇನ್ನೊಂದು ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂಬ ಶಿಲೀಂಧ್ರದ್ದು; ಮೈಸೂರಿನ ವಿಜ್ಞಾನಿಗಳು ಅದಕ್ಕೆ ಹೆಸರು ಕೊಟ್ಟದ್ದು 1997ರಲ್ಲಿ. ಬೇವಿನೆಣ್ಣೆಯನ್ನು ಕೀಟನಾಶಕವೆಂದು ನಾವು ಲೀಟರ್ ಲೆಕ್ಕದಲ್ಲಿ ಕೊಂಡು ಸಿಂಪಡಿಸುತ್ತೇವೆ. ಈ ಹುಳ ಆ ಬೇವಿನ ಕುಡಿಯನ್ನೇ ಹೀರಿ ಬದುಕುತ್ತದೆ. ಗೇರು ತೋಟಗಳಲ್ಲಿ ಇದನ್ನು ಹದ್ದುಬಸ್ತಿನಲ್ಲಿಡುವುದು ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಇರುವೆ. ಕಾಫಿ ಕೊಯ್ಯುವವರು ಕಚ್ಚಿಸಿಕೊಂಡು ಶಪಿಸುವುದೂ ಅದನ್ನೇ.

ಇದೇ ಉಪಕುಟುಂಬದ ಇನ್ನೊಂದು ಹುಳ ನೆಸಿಡಿಯೊಕೊರಿಸ್ ಟೆನುಯಿಸ್. ಟೊಮೆಟೊ ಗಿಡದ ಮೇಲೆ ಹಸಿರು ಎಳೆಯಂತೆ ಓಡಾಡಿಕೊಂಡಿರುತ್ತದೆ. ಸ್ಪೇನಿನ ಹಸಿರುಮನೆಗಳಲ್ಲಿ ಇದನ್ನು ಸಾಕಿ, ಬಿಳಿನೊಣ ಮತ್ತು ಟ್ಯೂಟಾ ಹುಳವನ್ನು ತಿನ್ನಲೆಂದು ಗಿಡಕ್ಕೆ ಬಿಡುತ್ತಾರೆ. ಟ್ಯೂಟಾ ಭಾರತಕ್ಕೆ ಬಂದದ್ದು 2014ರಲ್ಲಿ. ಅದನ್ನು ತಿನ್ನುವವನು ಇಲ್ಲಿ ಮೊದಲೇ ಇದ್ದ. ಆದರೆ ಬೇಟೆ ಸಿಗದಾಗ ಅವನು ಗಿಡಕ್ಕೇ ಮೂತಿ ಹಾಕುತ್ತಾನೆ; ಕಾಂಡದ ಸುತ್ತ ಉಂಗುರದಂತೆ ಕಂದು ಗೆರೆ ಮೂಡುತ್ತದೆ. ಮಿತ್ರನೋ ಶತ್ರುವೋ ಎಂದು ಕೇಳಿದರೆ, ಯಾವ ವಾರ ಎಂದು ಮರುಪ್ರಶ್ನೆ ಹಾಕಬೇಕು.

ಆರ್ತೊಟೈಲಿನೆಯ ಸಿರ್ಟೊರೈನಸ್ ಲಿವಿಡಿಪೆನ್ನಿಸ್ ವಿಷಯದಲ್ಲಿ ಆ ಗೊಂದಲವಿಲ್ಲ. ಯಗಚಿ ಹೊಳೆಯ ಬಯಲಿನಂಥ ಭತ್ತದ ಗದ್ದೆಗಳಲ್ಲಿ ಕಂದು ಜಿಗಿಹುಳು ಬಿದ್ದಾಗ ಬುಡದಲ್ಲಿ ಹುಡುಕಿದರೆ 3 ಮಿಲಿಮೀಟರಿನ ಹಸಿರು ತಿಗಣೆಯೊಂದು ಸಿಗುತ್ತದೆ. ಜಿಗಿಹುಳು ಭತ್ತದ ತಾಳಿನೊಳಗೆ ಇಟ್ಟ ಮೊಟ್ಟೆಗೆ ಮೂತಿ ಇಳಿಸಿ ಹೀರುವುದು ಇದರ ಕಸುಬು. ಕೀಟನಾಶಕಕ್ಕೆ ಮೊದಲು ಸಾಯುವುದೂ ಇದೇ. ಜಿಗಿಹುಳದ ಮೊಟ್ಟೆ ತಾಳಿನೊಳಗೆ ಕ್ಷೇಮವಾಗಿದ್ದು ಹತ್ತು ದಿನದಲ್ಲಿ ಒಡೆಯುತ್ತದೆ, ಕಾಯುವವರು ಇರುವುದಿಲ್ಲ. ಇಂಡೊನೇಷ್ಯಾ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತು 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ಒಮ್ಮೆಲೇ ನಿಷೇಧಿಸಿತು. ಅದಕ್ಕೂ ಮುಂಚೆ 1920ರಲ್ಲಿ ಮಿರಿಡೆಯದೇ ಇನ್ನೊಂದು ತಿಗಣೆ ಹವಾಯಿಯ ಕಬ್ಬನ್ನು ಜಿಗಿಹುಳದಿಂದ ಉಳಿಸಿದ್ದು ಜೈವಿಕ ನಿಯಂತ್ರಣದ ಚರಿತ್ರೆಯಲ್ಲಿ ದೊಡ್ಡ ಅಧ್ಯಾಯ.

ಮಿರಿನೆ ಇಡೀ ಕುಟುಂಬದಲ್ಲಿ ದೊಡ್ಡದು. ಜೋಳದ ತೆನೆ ತಿಗಣೆ ಇದಕ್ಕೆ ಸೇರಿದ್ದು. ತೆನೆ ಹೊಡೆಯುತ್ತಿದ್ದಂತೆಯೇ ಬಂದು ಹೂವಿನೊಳಗೆ ಮೊಟ್ಟೆಯಿಟ್ಟು ಹಾಲುಕಾಳನ್ನು ಹೀರಿ ಜೊಳ್ಳು ಮಾಡುತ್ತದೆ. ಬಿಡಿ ತೆನೆಯ ನಾಟಿ ಜೋಳಕ್ಕಿಂತ ಒತ್ತು ತೆನೆಯ ಹೈಬ್ರಿಡ್‌ಗಳಿಗೆ ಕಾಟ ಜಾಸ್ತಿ. ಹತ್ತಿಯ ಮಿರಿಡ್ ತಿಗಣೆಯೂ ಇಲ್ಲಿಯದೇ. 2000ರ ದಶಕದ ಮಧ್ಯದಲ್ಲಿ ಹಾವೇರಿ, ಧಾರವಾಡದ ಬಿಟಿ ಹತ್ತಿಯಲ್ಲಿ ಮೊಗ್ಗು ಉದುರಲು ಶುರುವಾದಾಗ ಈ ಹೆಸರು ಮೊದಲ ಬಾರಿಗೆ ರೈತರ ಬಾಯಿಗೆ ಬಂತು. ಕಾಯಿಕೊರಕಕ್ಕೆ ಹೊಡೆಯುತ್ತಿದ್ದ ಔಷಧಿ ನಿಂತಿದ್ದೇ ತಡ, ಅದರ ಮರೆಯಲ್ಲಿ ಸಾಯುತ್ತಿದ್ದ ತಿಗಣೆ ತಲೆಯೆತ್ತಿತು. ಚೀನಾದಲ್ಲೂ ಹೀಗೇ ಆದದ್ದನ್ನು 2010ರಲ್ಲಿ ಅಲ್ಲಿನ ವಿಜ್ಞಾನಿಗಳು ದಾಖಲಿಸಿದರು.

ಪಕ್ಕದ ಮನೆಯವರ ಬಗ್ಗೆ ಎರಡು ಮಾತು. ಮಿರಿಡೆಗೆ ತೀರ ಹತ್ತಿರದ ಕುಟುಂಬ ಟಿಂಜಿಡೆ, ಜಾಲರಿ ರೆಕ್ಕೆಯ ತಿಗಣೆಗಳು. ತೆಂಗಿನ ಗರಿಯ ಅಡಿಯಲ್ಲಿರುವ ಸ್ಟೆಫನೈಟಿಸ್ ಟಿಪಿಕಾ ಕೇರಳದ ಬೇರು ಸೊರಗು ರೋಗವನ್ನು ಹರಡುತ್ತದೆ. ತೆಂಗನ್ನೇ ನಂಬಿದ ಅರಸೀಕೆರೆಯವರು ಆ ಮುಖವನ್ನು ಗುರುತಿಟ್ಟುಕೊಳ್ಳಬೇಕು. ಬೇಲಿಯ ಲಂಟಾನದ ಎಲೆ ಬಿಳಿಚಿಕೊಂಡಿದ್ದರೆ ಅದು ಇನ್ನೊಂದು ಜಾಲರಿ ತಿಗಣೆಯ ಕೆಲಸ. ಲಂಟಾನವನ್ನು ಕೊಲ್ಲಲೆಂದೇ 1941ರಲ್ಲಿ ಡೆಹ್ರಾಡೂನಿಗೆ ತರಿಸಿದರು. ತೇಗದ ಹೂವಿಗೂ ಬಾಯಿ ಹಾಕೀತೆಂದು ಹೆದರಿ ನಾಶಮಾಡಲು ಹೊರಟಾಗ ಅದು ತಪ್ಪಿಸಿಕೊಂಡು ದೇಶವೆಲ್ಲ ಹರಡಿತು. ಲಂಟಾನ ಸಾಯಲಿಲ್ಲ, ತಿಗಣೆಯೂ ಸಾಯಲಿಲ್ಲ. ದೂರದ ದಾಯಾದಿಯಾದ ನಮ್ಮ ಅವರೆಯ ಗುಂಡು ತಿಗಣೆ 2009ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಾಣಿಸಿಕೊಂಡು ಅಲ್ಲಿನ ಸೋಯಾ ಬೆಳೆಗಾರರ ನಿದ್ದೆ ಕೆಡಿಸಿತು. ಸೊನೆ ಅವರೆಯ ರುಚಿ ಮಾತ್ರ ಅವರಿಗೆ ಇನ್ನೂ ಗೊತ್ತಾದಂತಿಲ್ಲ.

ಸಸ್ಯ ತಿಗಣೆಗಳ ವೈವಿಧ್ಯದ ಗುಟ್ಟು ಅವು ಹಿಡಿದ ಗಿಡದಲ್ಲಿದೆ. ಟೀ ಸೊಳ್ಳೆಯಂತೆ ಸಿಕ್ಕಿದ್ದೆಲ್ಲ ತಿನ್ನುವವು ಕಡಿಮೆ. ಹೆಚ್ಚಿನವು ಒಂದೇ ಕುಲದ ಗಿಡಕ್ಕೆ, ಕೆಲವು ಒಂದೇ ಗಿಡಕ್ಕೆ, ಕೆಲವು ಜರಿಗಿಡಕ್ಕೆ ಮಾತ್ರ ಅಂಟಿಕೊಂಡಿರುತ್ತವೆ. ಅರಸೀಕೆರೆಯಿಂದ ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ, ಅಲ್ಲಿಂದ 16 ಕಿಲೋಮೀಟರ್ ಬೇಲೂರಿಗೆ ಹೋಗುವಷ್ಟರಲ್ಲಿ ಬಯಲುಸೀಮೆ ಮುಗಿದು ಮಲೆನಾಡಿನ ಅಂಚು ಬರುತ್ತದೆ. ಜಾಲಿ, ಬೇವು ಹಿಂದಾಗಿ ಅತ್ತಿ, ಹಲಸು, ಕಾಫಿ, ಜರಿಗಿಡ ಎದುರಾಗುತ್ತವೆ. ಗಿಡ ಬದಲಾದಂತೆ ತಿಗಣೆಯೂ ಬದಲು. ಒಂದೂವರೆ ಗಂಟೆಯ ಬಸ್ಸಿನ ದಾರಿಯಲ್ಲಿ ಇಷ್ಟು ಬಗೆಯ ಆಶ್ರಯ ಸಿಗುವ ಸೀಮೆ ಈ ಕೆಲಸಕ್ಕೆ ಹೇಳಿಮಾಡಿಸಿದ್ದು.

ಇದಕ್ಕೆ ಬೇಕಾದ ಸಲಕರಣೆ ಒಂದು ತಿಳಿ ಬಣ್ಣದ ಛತ್ರಿ. ಕೊಂಬೆಯ ಕೆಳಗೆ ಅದನ್ನು ತಿರುಗಿಸಿ ಹಿಡಿದು ಮೇಲಿನಿಂದ ಕೋಲಿನಲ್ಲಿ ಎರಡೇಟು ಹಾಕಬೇಕು. ಹಳೇಬೀಡಿನಲ್ಲಿ ನಾನು ಹೀಗೆ ಮಾಡುವಾಗ ದೇವಸ್ಥಾನ ನೋಡಲು ಬಂದವರು ನಿಂತು ನೋಡಿ, ಮಾತಾಡದೆ ಮುಂದೆ ಹೋದರು. ಬಿದ್ದವುಗಳಲ್ಲಿ ಬೆಣೆ ಇರುವುದನ್ನು ಒದ್ದೆ ಕುಂಚದ ತುದಿಯಿಂದ ಎತ್ತಿ ಸ್ಪಿರಿಟ್ಟಿನ ಸೀಸೆಗೆ ಹಾಕಿ. ಹಾಸನದ ಹತ್ತಿರ ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ, ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅರಸೀಕೆರೆಯಲ್ಲೇ ತೆಂಗಿನ ಸಂಶೋಧನಾ ಕೇಂದ್ರವಿದೆ. ತೋರಿಸಲು ದೂರ ಹೋಗಬೇಕಾಗಿಲ್ಲ. ಸೀಸೆಯೊಳಗೆ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಹಾಕುವುದನ್ನು ಮಾತ್ರ ಮರೆಯಬೇಡಿ. ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಊರು, ತಾರೀಖು, ಯಾವ ಗಿಡ, ಈ ಮೂರು ಸಾಕು.